ಹೆದೆಗೊಪ್ಪುವ ಕಣೆ

ಮುಂಬಯಿಯ ದಹಿಸರ್‌ನ ಚಾಳೊಂದರ ಕೋಣೆಯಲ್ಲಿ, ಮಂಚದ ಕೆಳಗೆ, ತಗಡಿನ ಮೂರು ಟ್ರಂಕುಗಳಿವೆ. ಮೂರಕ್ಕೂ ಬೇರೆ ಬೇರೆ ಬೀಗ. ಒಂದರಲ್ಲಿ ಬಿದಿರಿನ ಕಣೆಗಳು, ಇನ್ನೊಂದರಲ್ಲಿ ಅಲ್ಯೂಮಿನಿಯಂನವು, ಮೂರನೆಯದರಲ್ಲಿ ಕಾರ್ಬನ್‌ನವು. ಪ್ರತಿಯೊಂದು ಕಣೆಗೂ ಗರಿಯ ಕೆಳಗೆ ಬಣ್ಣದ ದಾರದ ನಾಲ್ಕು ಸುತ್ತು. ಹಸಿರು ದಾರದ ಕಣೆ ಹಸಿರು ದಾರ ಕಟ್ಟಿದ ಬಿಲ್ಲಿಗೆ ಮಾತ್ರ, ಹಳದಿಯದು ಹಳದಿಗೆ ಮಾತ್ರ. ಮೈದಾನದಲ್ಲಿ ಮಕ್ಕಳು ಟಿಫಿನ್ ಡಬ್ಬಿ ಹಂಚಿಕೊಳ್ಳಬಹುದು, ನೀರಿನ ಬಾಟಲಿ ಹಂಚಿಕೊಳ್ಳಬಹುದು. ಕಣೆ ಹಂಚಿಕೊಳ್ಳುವ ಹಾಗಿಲ್ಲ.

ಆ ಟ್ರಂಕುಗಳ ಒಡೆಯರು ನನ್ನ ಮಗಳಿಗೆ ನಾಲ್ಕು ವರ್ಷದಿಂದ ಬಿಲ್ವಿದ್ಯೆ ಕಲಿಸುತ್ತಿರುವ ಸರ್. ಬೆಳಗಾವಿ ಜಿಲ್ಲೆಯವರು. ತಂದೆ ಗಿರಣಿ ಕೆಲಸಕ್ಕೆಂದು ಪರೇಲಿಗೆ ಬಂದವರು; ಗಿರಣಿಗಳು ಮುಚ್ಚಿದ ಮೇಲೆ ಮನೆತನ ಉತ್ತರದ ಉಪನಗರಕ್ಕೆ ಸರಿಯಿತು. ಮೈದಾನದಲ್ಲಿ ಅವರ ಮಾತು ಮರಾಠಿ. ಎಚ್ಚರಿಕೆ ಹೇಳುವಾಗ ಮಾತ್ರ ಕನ್ನಡ ತಾನಾಗಿ ಹೊರಡುತ್ತದೆ. ಮೊದಲ ದಿನ ನನ್ನನ್ನು ಕೂರಿಸಿ ಅವರು ಹೇಳಿದ್ದು ಇಷ್ಟು: “ನೋಡ್ರಿ ಅಕ್ಕಾರ, ಎಲ್ಲಾರೂ ಬಿಲ್ಲಿನ ಬೆಲಿ ಕೇಳತಾರ. ಕೈ ಉಳಸೋದು ಬಿಲ್ಲಲ್ಲ, ಕಣಿ. ಕಣಿ ತಪ್ಪಿದ್ರ ಬಿಲ್ಲು ಎಷ್ಟು ಚಲೋದಿದ್ರೂ ಅಷ್ಟ.”

ಆಗ ನನಗೆ ಅದು ಅರ್ಥವಾಗಿರಲಿಲ್ಲ. ಬಾಣವೆಂದರೆ ನೇರವಾದ ಕೋಲು, ಮುಂದೆ ಮೊನೆ, ಹಿಂದೆ ಗರಿ ಎಂದಷ್ಟೇ ತಿಳಿದಿದ್ದವಳು ನಾನು. ಅವರು ಮೂಲೆಯಲ್ಲಿದ್ದ ಹಿಡಿಸೂಡಿಯಿಂದ ಒಂದು ತೆಂಗಿನ ಗರಿಕಡ್ಡಿಯನ್ನು ಎಳೆದು ಕೈಗೆ ಕೊಟ್ಟರು. ತುದಿಯನ್ನು ಗೋಡೆಗೆ ಒತ್ತಿ, ಇನ್ನೊಂದು ತುದಿಯಿಂದ ಮೆಲ್ಲಗೆ ತಳ್ಳಿ ಎಂದರು. ತಳ್ಳಿದೆ. ಕಡ್ಡಿ ಮುಂದೆ ಹೋಗುವಂತಿರಲಿಲ್ಲ, ನಡುವಿನಲ್ಲಿ ಬಿಲ್ಲಿನಂತೆ ಬಾಗಿತು. ಇನ್ನಷ್ಟು ತಳ್ಳಿದಾಗ ಲಟಕ್ಕನೆ ಮುರಿದು, ಮುರಿದ ಚೂಪು ನನ್ನ ಬೆರಳಿನತ್ತಲೇ ಬಂತು. ಬಾಣ ಬಿಡುವಾಗ ನಡೆಯುವುದು ಇದೇ. ಗೋಡೆಯ ಜಾಗದಲ್ಲಿ ಮೊನೆಯ ಭಾರವಿದೆ, ಕೈಯ ಜಾಗದಲ್ಲಿ ಹೆದೆಯಿದೆ. ನಿಂತಲ್ಲೇ ಇರಬಯಸುವ ಮೊನೆಯನ್ನು ಹೆದೆ ಹಿಂದಿನಿಂದ ಒಮ್ಮೆಲೇ ನೂಕುತ್ತದೆ. ನಡುವೆ ಸಿಕ್ಕಿದ ಕಣೆ ಬಾಗಲೇಬೇಕು.

ಎಷ್ಟು ರಭಸದ ನೂಕು ಎಂಬುದನ್ನು ಲೆಕ್ಕದಲ್ಲಿ ನೋಡಬಹುದು. ತುದಿಗಳು ಮುಂದಕ್ಕೆ ಬಾಗಿದ ಒಳ್ಳೆಯ ರಿಕರ್ವ್ ಬಿಲ್ಲಿನಿಂದ ಹೊರಡುವ ಬಾಣ ಸೆಕೆಂಡಿಗೆ ಸುಮಾರು 60 ಮೀಟರ್ ವೇಗದಲ್ಲಿರುತ್ತದೆ. ಆ ವೇಗವನ್ನು ಅದು ಗಳಿಸುವುದು ಅರ್ಧ ಮೀಟರ್ ದೂರದಲ್ಲಿ, ಒಂದು ಸೆಕೆಂಡಿನ ಅರವತ್ತನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ. ಕಣ್ಣೆವೆ ಇಕ್ಕುವುದಕ್ಕೂ ಅದರ ಹಲವು ಪಟ್ಟು ಸಮಯ ಬೇಕು. ಅಷ್ಟರಲ್ಲಿ ಕಣೆ ಒಮ್ಮೆ ಒಳಕ್ಕೆ ಬಾಗಿ, ಮತ್ತೆ ಹೊರಕ್ಕೆ ಬಾಗಿ, ಬಿಲ್ಲಿನ ಹಿಡಿಯನ್ನು ಹಾವಿನಂತೆ ಬಳಸಿ ದಾಟಿ, ಆಮೇಲೆ ನೆಟ್ಟಗಾಗುತ್ತ ಗುರಿಯತ್ತ ಸಾಗುತ್ತದೆ. ಹಿಡಿ ದಾರಿಗೆ ಅಡ್ಡವಿದ್ದರೂ ಬಾಣ ನೇರ ಹೋಗುವುದು ಹೇಗೆಂಬುದು ಬಹುಕಾಲ ಒಗಟಾಗಿತ್ತು. ಬಿಲ್ಲುಗಾರನ ವಿರೋಧಾಭಾಸ ಎಂದೇ ಅದಕ್ಕೆ ಹೆಸರು. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮೆರಾದಲ್ಲಿ ಈ ಬಾಗುವಿಕೆಯನ್ನು ಸೆರೆಹಿಡಿದು ತೋರಿಸಿದರು.

ಕಣೆ ಬಾಗಬೇಕು, ಆದರೆ ಆ ಬಿಲ್ಲಿಗೆ ಎಷ್ಟು ಬೇಕೋ ಅಷ್ಟೇ ಬಾಗಬೇಕು. ಹೆಚ್ಚು ಬಾಗಿದರೆ ಮುರಿಯುತ್ತದೆ. ಕಡಿಮೆ ಬಾಗಿದರೆ ಹಿಡಿಗೆ ಬಡಿದು ಅಡ್ಡ ಹಾರುತ್ತದೆ. ಈ ಬಿಗುವಿನ ಅಳತೆಯನ್ನು ಮೈದಾನದವರು ಸ್ಪೈನ್ ಎನ್ನುತ್ತಾರೆ. ಕಣೆಗೆ ಬೆನ್ನೆಲುಬಿನ ಹೆಸರಿಟ್ಟದ್ದು ನನಗೆ ತುಂಬ ಸರಿಯೆನಿಸಿದೆ.

ಮುಂಬಯಿಗೂ ಬಿಲ್ಲಿಗೂ ಎಲ್ಲಿಯ ನಂಟು ಎಂದು ಕೇಳುವವರನ್ನು ನಾನು ಬೊರಿವಲಿ ಪಶ್ಚಿಮದ ಏಕ್ಸರ್‌ಗೆ ಕರೆದೊಯ್ಯುತ್ತೇನೆ. ಅಲ್ಲಿ ಆಳೆತ್ತರದ ಕಲ್ಲುಗಳಿವೆ. ಶಿಲಾಹಾರರ ಕಾಲದ ಕಾಳಗದಲ್ಲಿ ಮಡಿದವರ ನೆನಪಿಗೆ ನಿಲ್ಲಿಸಿದವು. ಒಂದರ ಮೇಲೆ ಹುಟ್ಟುಹಾಕುವ ಹಡಗುಗಳ ಸಾಲು, ಇನ್ನೊಂದರಲ್ಲಿ ಕತ್ತಿ ಹಿರಿದ ಕುದುರೆ ಸವಾರರು ಬಿಲ್ಲುಗಾರನೊಬ್ಬನ ಮೇಲೆ ಎರಗುತ್ತಿದ್ದಾರೆ. ಮರಾಠಿಯವರು ಅವನ್ನು ‘ವೀರಗಳ’ ಎನ್ನುತ್ತಾರೆ. ನಮ್ಮ ವೀರಗಲ್ಲೇ ಆ ಮಾತಿನೊಳಗೆ ಕೂತಿದೆ. ನಗರದ ದಕ್ಷಿಣ ಭಾಗದಲ್ಲಿ, ವಾಲ್ಕೇಶ್ವರದ ಬಾಣಗಂಗೆ ಪುಷ್ಕರಣಿಯ ಹೆಸರಿನಲ್ಲೇ ಬಾಣವಿದೆ. ಬಾಯಾರಿದ ರಾಮ ಬಾಣ ಬಿಟ್ಟು ನೆಲದಿಂದ ನೀರು ಚಿಮ್ಮಿಸಿದನೆಂಬ ಕಥೆ ಅಲ್ಲಿಯದು. ಬೊರಿವಲಿಯ ರಾಷ್ಟ್ರೀಯ ಉದ್ಯಾನದ ಅಂಚಿನ ಪಾಡೆಗಳ, ಅಂದರೆ ಹಾಡಿಗಳ, ವಾರ್ಲಿ ಜನ ತಮ್ಮ ಗೋಡೆಚಿತ್ರಗಳಲ್ಲಿ ಇಂದಿಗೂ ‘ತೀರ್-ಕಾಮಠಾ’ ಹಿಡಿದ ಮನುಷ್ಯರನ್ನು ಬಿಳಿಯ ಹಿಟ್ಟಿನಲ್ಲಿ ಬರೆಯುತ್ತಾರೆ. 1972ರ ವನ್ಯಜೀವಿ ಕಾಯಿದೆಯ ನಂತರ ಬೇಟೆ ನಿಂತಿತು, ಚಿತ್ರ ಉಳಿಯಿತು.

ಕನ್ನಡದ ಹಳೆಯ ಮಾತುಗಳನ್ನು ಕೇಳಿದರೆ ಬಾಣ ಯಾವುದರಿಂದ ಆಗುತ್ತಿತ್ತು ಎಂಬುದೂ ತಿಳಿಯುತ್ತದೆ. ‘ಶರ’ ಎಂದರೆ ಬಾಣ. ಸಂಸ್ಕೃತದಲ್ಲಿ ಅದೇ ಮಾತು ಹೊಳೆದಂಡೆಯಲ್ಲಿ ಬೆಳೆಯುವ ಜೊಂಡಿನಂಥ ಹುಲ್ಲಿಗೂ ಹೆಸರು. ‘ಕಣೆ’ ಎಂದರೆ ಬಾಣವೂ ಹೌದು, ಬರಿಯ ಕೋಲೂ ಹೌದು. ‘ಸರಳು’ ಈಗ ಕಿಟಕಿಯ ಕಬ್ಬಿಣಕ್ಕೆ ಉಳಿದುಕೊಂಡಿದೆ. ಗರಿ ಕಟ್ಟಿದ ಹಿಂಭಾಗಕ್ಕೆ ಕಾವ್ಯಗಳಲ್ಲಿ ‘ಹಿಳುಕು’ ಎಂಬ ಚೆಲುವಾದ ಮಾತಿದೆ. ಸರ್ ಈ ಕೊನೆಯ ಮಾತನ್ನು ನನ್ನಿಂದ ಕಲಿತು ಈಗ ಮಕ್ಕಳಿಗೆ ಹೇಳಿಕೊಡುತ್ತಾರೆ. ನಾನು ಅವರಿಂದ ಕಲಿತದ್ದರ ಮುಂದೆ ಅದು ತೀರ ಸಣ್ಣ ಕೊಡುಗೆ.

ಅವರ ಕೈ ಪಳಗಿರುವುದು ಬಿದಿರಿನಲ್ಲಿ. ನಮ್ಮ ದೇಶದ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗವಿದೆ. ದೇಶದಲ್ಲೇ ಮಾಡಿದ ಬಿದಿರಿನ ಬಿಲ್ಲು, ಅದಕ್ಕೊಪ್ಪುವ ಬಿದಿರಿನ ಅಥವಾ ಮರದ ಕಣೆ, ಗುರಿ ನೋಡಲು ಯಾವ ಉಪಕರಣವೂ ಇಲ್ಲ. ಅಂತರ 30 ಮತ್ತು 50 ಮೀಟರ್. ಹಳ್ಳಿಯ ಮಕ್ಕಳು ಬಿಲ್ವಿದ್ಯೆಗೆ ಕಾಲಿಡುವುದು ಹೆಚ್ಚಾಗಿ ಈ ಬಾಗಿಲಿನಿಂದಲೇ. ಮೂರು ಒಲಿಂಪಿಕ್ಸ್‌ಗಳಲ್ಲಿ ದೇಶದ ಪರ ಬಾಣ ಬಿಟ್ಟ ರಾಜಸ್ಥಾನದ ಲಿಂಬಾ ರಾಮ್ ಮೊದಲು ಹಿಡಿದದ್ದೂ ಬಿದಿರಿನ ಬಿಲ್ಲನ್ನೇ.

ಬಿದಿರಿನ ಕಣೆ ಮಾಡುವುದನ್ನು ನಾನು ಆ ಚಾಳಿನ ಪಡಸಾಲೆಯಲ್ಲಿ ಕೂತು ಎಷ್ಟೋ ಭಾನುವಾರ ನೋಡಿದ್ದೇನೆ. ಬಿದಿರನ್ನು ತರುವುದು ಬುರುಡರ ಬಳಿಯಿಂದ. ನಮ್ಮ ಮೇದರನ್ನು ಮರಾಠಿಯಲ್ಲಿ ಕರೆಯುವ ಹೆಸರು ಅದು. ಮೂರು ವರ್ಷ ತುಂಬಿದ, ಚಳಿಗಾಲದಲ್ಲಿ ಕಡಿದ ಬಿದಿರೇ ಬೇಕು ಎಂದು ಹಟ ಹಿಡಿಯುತ್ತಾರೆ. ಎಳೆಯದು ಒಣಗುವಾಗ ಸುಕ್ಕುಗಟ್ಟುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಕಡಿದದ್ದಕ್ಕೆ ಕುಟ್ಟೆಹುಳು ಬೀಳುತ್ತದೆ. ತಂದದ್ದನ್ನು ಕಟ್ಟುಕಟ್ಟಿ ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಬಿಸಿಲಿಗಿಟ್ಟರೆ ಸೀಳುತ್ತದೆ.

ಆಮೇಲೆ ಬರುವುದು ನೆಟ್ಟಗೆ ಮಾಡುವ ಕೆಲಸ. ತೆಳ್ಳಗಿನ ಬಿದಿರು ತಾನಾಗಿ ನೆಟ್ಟಗಿರುವುದು ಅಪರೂಪ. ಪ್ರತಿ ಗಿಣ್ಣಿನಲ್ಲೂ ತುಸು ದಿಕ್ಕು ಬದಲಿಸುತ್ತದೆ. ಸ್ಟೋವಿನ ಜ್ವಾಲೆಯಿಂದ ಒಂದು ಗೇಣು ಮೇಲೆ ಗಿಣ್ಣನ್ನು ಹಿಡಿದು, ತಿರುಗಿಸುತ್ತ, ಕೈಗೆ ತಾಳಲಾರದಷ್ಟು ಬಿಸಿಯಾದಾಗ ಮೊಣಕಾಲಿಗೆ ಒತ್ತಿ ಎದುರು ದಿಕ್ಕಿಗೆ ಬಾಗಿಸುತ್ತಾರೆ. ತಣ್ಣಗಾಗುವವರೆಗೂ ಹಾಗೆಯೇ ಹಿಡಿದಿರುತ್ತಾರೆ. ಆಗ ಅವರು ಮಾತಾಡುವುದಿಲ್ಲ, ನಾವೂ ಮಾತಾಡಿಸುವುದಿಲ್ಲ. ಒಂದು ಕಣ್ಣು ಮುಚ್ಚಿ ಕಣೆಯನ್ನು ಬೆಳಕಿನತ್ತ ಹಿಡಿದು ಉದ್ದಕ್ಕೂ ನೋಡುತ್ತಾರೆ. ಮತ್ತೆ ಬೆಂಕಿ, ಮತ್ತೆ ಮೊಣಕಾಲು. ಒಂದು ಕಣೆಗೆ ಅರ್ಧ ಗಂಟೆಯಾದರೂ ಬೇಕು. ಮರುದಿನ ಅದು ಹಳೆಯ ಬಾಗಿಗೆ ಮರಳಿದ್ದರೆ ಅವರಿಗೆ ಬೇಸರವಿಲ್ಲ. “ಬಿದಿರಿಗೆ ನೆನಪು ಭಾಳ” ಎಂದು ಮತ್ತೆ ಒಲೆ ಹಚ್ಚುತ್ತಾರೆ.

ಗಿಣ್ಣನ್ನು ಉಪ್ಪುಕಾಗದದಿಂದ ತಿಕ್ಕುವಾಗ ಅವರ ಕೈ ಬಹಳ ಹಗುರ. ಬಿದಿರಿನ ಬಲವೆಲ್ಲ ಹೊರಸಿಪ್ಪೆಯ ಹತ್ತಿರದ ನಾರಿನಲ್ಲಿದೆ. ನುಣುಪಿನ ಆಸೆಗೆ ಅದನ್ನು ಕೆರೆದು ತೆಗೆದರೆ ಕಣೆ ಅಲ್ಲೇ ಸೋಲುತ್ತದೆ. ಬಿದಿರಿನ ದಪ್ಪ ತುದಿ ಮೊನೆಗೆ, ತೆಳು ತುದಿ ಹೆದೆಗೆ. ಮುಂಭಾರವಿದ್ದರೆ ಹಾರಾಟ ಸ್ಥಿರ. ಹಿಂಭಾಗ ಹಗುರವಿದ್ದರೆ ಹಿಡಿಯನ್ನು ಸುಲಭವಾಗಿ ದಾಟುತ್ತದೆ. ಹೆದೆ ಕೂರುವ ಕಚ್ಚನ್ನು, ಅಂದರೆ ನಾಕ್ ಅನ್ನು, ಕೊರೆದ ಮೇಲೆ ಅದರ ಬುಡಕ್ಕೆ ಮೇಣ ಹಚ್ಚಿದ ದಾರವನ್ನು ಬಿಗಿಯಾಗಿ ಸುತ್ತುತ್ತಾರೆ. ಹೆದೆಯ ಪೆಟ್ಟಿಗೆ ಬಿದಿರು ಸೀಳಲು ಹೊರಟರೆ ಆ ದಾರ ತಡೆಯುತ್ತದೆ.

ಮರದ ಕಣೆಯಾದರೆ ಇನ್ನೊಂದು ಎಚ್ಚರವಿದೆ. ಅದನ್ನು ಕಂಡುಹಿಡಿದವರ ಜಾಣ್ಮೆಗೆ ನಾನು ಬೆರಗಾಗಿದ್ದೇನೆ. ಮರದ ಎಳೆ ಕಣೆಯ ಉದ್ದಕ್ಕೂ ಸಾಗದೆ ಅಲ್ಲಲ್ಲಿ ಓರೆಯಾಗಿ ಮೈಮೇಲೆ ಬಂದು ಮುಗಿಯುತ್ತದೆ. ಅಲ್ಲಿ ಬಾಣದ ಮೊನೆಯಂಥ ಚೂಪು ಗೆರೆಗಳು ಕಾಣುತ್ತವೆ. ಮುರಿದರೆ ಕಣೆ ಮುರಿಯುವುದು ಆ ಓರೆಯಲ್ಲೇ. ಕಚ್ಚು ಕೊರೆಯುವಾಗ, ಮೇಲ್ಬದಿಯ ಆ ಗೆರೆಗಳು ಗುರಿಯ ಕಡೆಗೆ ಮುಖಮಾಡುವಂತೆ ಕಣೆಯನ್ನು ತಿರುಗಿಸಿಕೊಳ್ಳಬೇಕು. ಹಾಗೆ ಮಾಡಿದಾಗ, ಅಕಸ್ಮಾತ್ ಮುರಿದರೂ ಚೂಪು ತುಂಡು ಬಿಲ್ಲು ಹಿಡಿದ ಕೈಯೊಳಗೆ ಇಳಿಯದೆ ಮೇಲಕ್ಕೆ ಜಾರಿಹೋಗುವ ಸಂಭವ ಹೆಚ್ಚು. ಕಚ್ಚು ಎಳೆಗೆ ಅಡ್ಡವಾಗಿರಬೇಕು. ಎಳೆಯ ಗುಂಟ ಕೊರೆದರೆ ಹೆದೆಯೇ ಕೊಡಲಿಯಾಗಿ ಕಣೆಯನ್ನು ಸೀಳುತ್ತದೆ.

ಗರಿ ಮೂರು. ಮೂರೂ ಹಕ್ಕಿಯ ಒಂದೇ ಬದಿಯ ರೆಕ್ಕೆಯವಾಗಿರಬೇಕು. ಎಡ-ಬಲ ಬೆರೆತರೆ ಬಾಣಕ್ಕೆ ಯಾವ ಕಡೆ ತಿರುಗಬೇಕೆಂದು ತಿಳಿಯದು. ಬಿದಿರಿನ ಬಿಲ್ಲಿನಲ್ಲಿ ಬಾಣ ಹಿಡಿಯನ್ನೂ ಕೆಲವೊಮ್ಮೆ ಬೆರಳ ಗೆಣ್ಣನ್ನೂ ಸವರಿಕೊಂಡು ಹೋಗುತ್ತದೆ. ಹಕ್ಕಿಯ ಗರಿಯಾದರೆ ಒತ್ತಿದಾಗ ಮಲಗಿ ಮತ್ತೆ ಏಳುತ್ತದೆ. ಪ್ಲಾಸ್ಟಿಕ್ ರೆಕ್ಕೆಯಾದರೆ ಮಲಗುವುದಿಲ್ಲ, ಬಡಿದು ಬಾಣವನ್ನು ಒದೆಯುತ್ತದೆ. ಹಕ್ಕಿಯ ಗರಿಯಲ್ಲೂ ಒಂದು ಅಪಾಯವಿದೆ. ಮುಂತುದಿಯ ದಂಟು ಎದ್ದಿದ್ದರೆ ಕೈಯೊಳಗೆ ಸೂಜಿಯಂತೆ ಇಳಿಯುತ್ತದೆ. ಅದಕ್ಕೇ ಅಲ್ಲಿ ದಾರ ಸುತ್ತಿ ಅಂಟು ಹಚ್ಚಿ, ಬೆರಳಾಡಿಸಿದರೆ ಏನೂ ತಡೆಯದಷ್ಟು ನಯ ಮಾಡುತ್ತಾರೆ. ಕಣೆ ಮಾಡಿದವರ ಶ್ರದ್ಧೆಯನ್ನು ಆ ಒಂದು ಜಾಗದಲ್ಲಿ ಬೆರಳಿಟ್ಟೇ ತಿಳಿಯಬಹುದು.

ಇಷ್ಟೆಲ್ಲ ಆದ ಮೇಲೂ ಕಣೆ ಟ್ರಂಕಿಗೆ ಹೋಗುವುದಿಲ್ಲ, ಅಳತೆಗೆ ಹೋಗುತ್ತದೆ. ಕಿಟಕಿಯ ಅಲ್ಯೂಮಿನಿಯಂ ಚಾನೆಲ್ ತುಂಡೊಂದು, ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಅಂಗಡಿಯಿಂದ ತಂದ ಡಯಲ್ ಗೇಜ್, 880 ಗ್ರಾಂ ತೂಗುವ ಕಬ್ಬಿಣದ ಗುಂಡು: ಇಷ್ಟೇ ಅವರ ಯಂತ್ರ. 28 ಇಂಚು ದೂರದ ಎರಡು ಆಸರೆಗಳ ಮೇಲೆ ಕಣೆಯನ್ನಿಟ್ಟು ನಟ್ಟನಡುವೆ ಗುಂಡನ್ನು ತೂಗುಹಾಕುತ್ತಾರೆ. ಕಣೆ ಎಷ್ಟು ಇಳಿಬಾಗಿತು ಎಂಬುದನ್ನು ಇಂಚಿನ ಸಾವಿರದ ಭಾಗದಲ್ಲಿ ಓದಿದರೆ ಅದೇ ಸ್ಪೈನ್ ಸಂಖ್ಯೆ. ಅರ್ಧ ಇಂಚು ಬಾಗಿದರೆ 500; ಪೂರ್ತಿ ಇಂಚು ಬಾಗಿದರೆ 1000. ಸಂಖ್ಯೆ ಸಣ್ಣದಾದಷ್ಟೂ ಕಣೆ ಬಿಗಿ. ಹೊಸಬರು ಇಲ್ಲೇ ತಪ್ಪುವುದು; ದೊಡ್ಡ ಸಂಖ್ಯೆಯೆಂದರೆ ದೊಡ್ಡ ಬಲ ಎಂದುಕೊಂಡು ಬಲವಾದ ಬಿಲ್ಲಿಗೆ ಮೆತ್ತನೆಯ ಕಣೆ ಕೊಳ್ಳುತ್ತಾರೆ. ಮರದ ಕಣೆಯವರ ಹಳೆಯ ಲೆಕ್ಕ ಬೇರೆ: ಆಸರೆ 26 ಇಂಚಿಗೆ, ಗುಂಡು ಎರಡು ಪೌಂಡಿನದು, 26ನ್ನು ಬಂದ ಬಾಗಿನಿಂದ ಭಾಗಿಸಿದರೆ ಎಷ್ಟು ಪೌಂಡಿನ ಬಿಲ್ಲಿಗೆ ಹೊಂದೀತೆಂಬ ಅಂದಾಜು. 0.65 ಇಂಚು ಬಾಗಿದರೆ 40 ಪೌಂಡು. ಎರಡು ಲೆಕ್ಕಗಳನ್ನು ಕಲಸಬಾರದು.

ಬಿಲ್ಲಿನ ಎಳೆತವನ್ನು ಹೇಳುವುದು ಪೌಂಡಿನಲ್ಲೇ. 40 ಪೌಂಡಿನ ಬಿಲ್ಲೆಂದರೆ ಸುಮಾರು 18 ಕಿಲೋ ಭಾರವನ್ನು ಮೂರು ಬೆರಳಲ್ಲಿ ಎಳೆದು ಗಲ್ಲದ ಕೆಳಗೆ ತಡೆದು ನಿಲ್ಲಿಸುವುದು. ಆದರೆ ಬಿಲ್ಲಿನ ಮೇಲೆ ಬರೆದ ಸಂಖ್ಯೆ 28 ಇಂಚಿನ ಎಳೆತಕ್ಕೆ ಹೇಳಿದ್ದು. ಅದಕ್ಕಿಂತ ಒಂದು ಇಂಚು ಹೆಚ್ಚು ಎಳೆದರೆ ಎರಡು-ಮೂರು ಪೌಂಡು ಏರುತ್ತದೆ. ಉದ್ದ ತೋಳಿನ ಹುಡುಗ ಅದೇ ಬಿಲ್ಲನ್ನು ಹಿಡಿದಾಗ ಅದು ಬೇರೆಯೇ ಬಿಲ್ಲು. ಕಣೆ ಉದ್ದವಾದರೂ ಹಾಗೆಯೇ: ಬಾಗು ಉದ್ದದ ಘನಕ್ಕೆ ತಕ್ಕಂತೆ ಏರುವುದರಿಂದ, 28 ಇಂಚಿನ ಕಣೆಯನ್ನು 30 ಇಂಚು ಇಟ್ಟುಕೊಂಡರೆ ಸುಮಾರು 23 ಶೇಕಡ ಹೆಚ್ಚು ಮೆತ್ತಗಾಗುತ್ತದೆ. ಮೊನೆಯ ತೂಕ ಹೆಚ್ಚಿಸಿದರೂ ಮೆತ್ತಗೆ.

ಬಿಲ್ಲಿನ ಜಾತಿಯ ಮಾತು ಬರುವುದು ಇಲ್ಲಿ. ಬಿದಿರಿನ ಬಿಲ್ಲಿನ ಹಿಡಿ ಬಾಣದ ದಾರಿಗೆ ಪೂರ್ತಿ ಅಡ್ಡ. ಬಾಣ ಬಳಸಿ ಹೋಗಬೇಕು, ಹೆಚ್ಚು ಬಾಗಬೇಕು. ರಿಕರ್ವ್ ಬಿಲ್ಲಿನ ಹಿಡಿಯನ್ನು ನಡುವಿನವರೆಗೆ ಕತ್ತರಿಸಿರುತ್ತಾರೆ. ಅಡ್ಡವಿಲ್ಲ, ಆದರೂ ಬೆರಳಿನಿಂದ ಜಾರುವ ಹೆದೆ ಪಕ್ಕಕ್ಕೆ ಸರಿಯುವುದರಿಂದ ಕಣೆ ಪಕ್ಕಕ್ಕೆ ಬಾಗುತ್ತದೆ. ಕಾಂಪೌಂಡ್ ಬಿಲ್ಲಿನಲ್ಲಿ ತುದಿಗಳಿಗೆ ಗಾಲಿಗಳಿವೆ. ಹೆದೆಯನ್ನು ಬಿಡುವುದು ಬೆರಳಲ್ಲ, ಕೈಯಲ್ಲಿ ಹಿಡಿದ ಸಣ್ಣ ಕೊಂಡಿ. ಪಕ್ಕದ ಬಾಗು ಬಹಳ ಕಡಿಮೆ, ಆದರೆ ನೂಕು ಭೀಕರ. ಬಾಣ ಸೆಕೆಂಡಿಗೆ 90 ಮೀಟರ್ ಹತ್ತಿರ ಹೋಗುತ್ತದೆ. ಒಂದೇ ಪೌಂಡಿನ ಮೂರು ಬಿಲ್ಲಿಗೆ ಮೂರು ಬೇರೆ ಕಣೆ ಬೇಕಾಗುವುದು ಇದರಿಂದ.

ಎರಡು ವರ್ಷದ ಹಿಂದಿನ ಒಂದು ಬೆಳಿಗ್ಗೆ ನನ್ನ ಕಣ್ಣೆದುರು ಬಂದರೆ ಈಗಲೂ ಕೈ ತಣ್ಣಗಾಗುತ್ತದೆ. ಹೊಸದಾಗಿ ಬಂದ ಹುಡುಗನೊಬ್ಬನ ಕೈಯಲ್ಲಿ 50 ಪೌಂಡಿನ ಕಾಂಪೌಂಡ್ ಬಿಲ್ಲು. ಅವನ ಕಣೆಗಳೆಲ್ಲ ಗುರಿಹಲಗೆಯಲ್ಲಿದ್ದವು. ಇನ್ನೊಂದು ಬಿಡುವ ಆಸೆಗೆ ಪಕ್ಕದ ಬತ್ತಳಿಕೆಯಿಂದ ನನ್ನ ಮಗಳ ಬಿದಿರಿನ ಕಣೆಯೊಂದನ್ನು ತೆಗೆದು ಹೆದೆಗೆ ಸಿಕ್ಕಿಸಿ ಎಳೆಯತೊಡಗಿದ್ದ. ಸರ್ ಕೂಗಲಿಲ್ಲ. ಕೂಗಿದರೆ ಬೆಚ್ಚಿ ಬಿಟ್ಟಾನು. ಹಿಂದಿನಿಂದ ನಡೆದು ಬಂದು, ತಮ್ಮ ಕೈಯನ್ನು ಅವನ ಕೈಯ ಮೇಲಿಟ್ಟು, “ತಮ್ಮಾ, ಹಂಗ ಹಿಡಕೋ. ಈಗ ನನ್ನ ಕೂಡ ಸಾವಕಾಶ ಇಳಸು” ಎಂದರು. ಅವನಿಗೆ ಕನ್ನಡ ಬಾರದು, ದನಿ ಅರ್ಥವಾಯಿತು. ಇಬ್ಬರೂ ಸೇರಿ ಹೆದೆಯನ್ನು ಮರಳಿ ಇಳಿಸಿದರು. ಆಮೇಲೆ ಆ ಕಣೆಯನ್ನು ಗುಂಡಿನ ಯಂತ್ರದ ಮೇಲಿಟ್ಟು ತೋರಿಸಿದರು. 24 ಪೌಂಡಿನ ಬಿಲ್ಲಿಗೆಂದು ಆರಿಸಿದ ಆ ಬಿದಿರು ಇಂಚಿಗಿಂತ ಹೆಚ್ಚು ಬಾಗಿತ್ತು. ಕಾಂಪೌಂಡಿನ ನೂಕಿಗೆ ಅದು ಹಿಡಿಯ ಬಳಿಯೇ ಸಿಡಿದು, ಸೀಳುಗಳು ಎಡಗೈಯ ಹೆಬ್ಬೆರಳ ಬುಡಕ್ಕೆ ಇಳಿಯುತ್ತಿದ್ದವು. ಬಿದಿರು, ಮರ ಇವೆರಡನ್ನು ಕಾಂಪೌಂಡ್ ಬಿಲ್ಲಿಗೆ ಎಂದೂ ಏರಿಸಬಾರದು. ಇದಕ್ಕೆ ‘ಆದರೆ’ ಇಲ್ಲ.

ತಿರುವುಮುರುವಾದರೂ ಕೇಡೇ. ಕಾರ್ಬನ್ ಕಣೆ ನೋಡಲು ಸೊಗಸು, ಹಗುರ, ಬಿಗಿ. ಹಾಗೆಂದು ಬಿದಿರಿನ ಬಿಲ್ಲಿಗೆ ಹಾಕಿದರೆ ಕಷ್ಟ ಬಿಲ್ಲಿನದು. ಬಿಲ್ಲು ಕೂಡಿಟ್ಟ ಶಕ್ತಿಯನ್ನು ಒಯ್ಯುವುದು ಬಾಣದ ಕೆಲಸ. ಬಾಣ ತೀರ ಹಗುರವಾದರೆ ಒಯ್ದಷ್ಟು ಒಯ್ದು ಉಳಿದದ್ದನ್ನು ಬಿಲ್ಲಿನ ಮೈಗೇ ಬಿಟ್ಟುಹೋಗುತ್ತದೆ. ಬಾಣವೇ ಇಲ್ಲದೆ ಹೆದೆ ಬಿಟ್ಟರೆ ಬಿಲ್ಲು ಸಿಡಿಯುವುದು ಇದರ ಕೊನೆಯ ರೂಪ. ಅದಕ್ಕೇ ತೂಕದ ಕೆಳಮಿತಿಯೊಂದಿದೆ. ಕಣೆಯ ತೂಕ ಗ್ರೇನ್‌ನಲ್ಲಿ. ಒಂದು ಗ್ರೇನ್ ಅಕ್ಕಸಾಲಿಗರ ಗುಲಗಂಜಿಯ ಅರ್ಧಕ್ಕಿಂತ ಚೂರು ಹೆಚ್ಚು, ಸುಮಾರು 0.065 ಗ್ರಾಂ. ಕಾಂಪೌಂಡಿಗೆ ಪ್ರತಿ ಪೌಂಡಿಗೆ ಐದು ಗ್ರೇನ್‌ಗಿಂತ ಕಡಿಮೆಯಾಗಬಾರದು: 50 ಪೌಂಡಿಗೆ 250 ಗ್ರೇನ್, ಅಂದರೆ 16 ಗ್ರಾಂ ಚಿಲ್ಲರೆ. ಮರ-ಬಿದಿರಿನ ಬಿಲ್ಲಿಗೆ ಎಂಟರಿಂದ ಹತ್ತು ಗ್ರೇನ್ ಇದ್ದರೆ ಒಳ್ಳೆಯದು: 40 ಪೌಂಡಿನ ಬಿಲ್ಲಿಗೆ 21ರಿಂದ 26 ಗ್ರಾಂ. ಹಳಬರು ಈ ಲೆಕ್ಕ ಬರೆದಿಡಲಿಲ್ಲ; ಅವರ ಬಿದಿರು ತಾನಾಗಿ ಆ ತೂಕದಲ್ಲಿತ್ತು.

ಅಲ್ಯೂಮಿನಿಯಂ ಕಣೆಯ ಕಥೆ ಅಮೆರಿಕದ ಡಗ್ ಈಸ್ಟನ್‌ರದು. ಮರದ ಬಾಣ ಮಾಡುತ್ತಿದ್ದ ಅವರಿಗೆ ಹನ್ನೆರಡು ಕಣೆ ಹನ್ನೆರಡು ಥರ ಇರುವುದು ಸಹಿಸಲಿಲ್ಲ. 1939ರಲ್ಲಿ ಲೋಹಕ್ಕೆ ತಿರುಗಿದರು. ಕಣೆಯ ಮೇಲಿನ ನಾಲ್ಕಂಕಿಯಲ್ಲೇ ಅದರ ಜಾತಕವಿದೆ. 1816 ಎಂದರೆ ಹೊರ ಅಡ್ಡಗಲ ಇಂಚಿನ 64ರಲ್ಲಿ 18 ಭಾಗ, ಗೋಡೆಯ ದಪ್ಪ ಸಾವಿರದಲ್ಲಿ 16 ಭಾಗ. ಕಲಿಯುವ ರಿಕರ್ವ್ ಬಿಲ್ಲಿಗೆ ಇದಕ್ಕಿಂತ ನಂಬಿಕಸ್ತ ಕಣೆ ನಾನು ಕಂಡಿಲ್ಲ. ತಪ್ಪಾದರೆ ಬಾಗಿ ತೋರಿಸುತ್ತದೆ. ಗಾಜಿನ ಮೇಲೆ ಉರುಳಿಸಿದರೆ ಕುಣಿಯುತ್ತದೆ. ತಗ್ಗು ಬಿದ್ದದ್ದನ್ನು, ಬಿರುಕು ಬಿಟ್ಟದ್ದನ್ನು ಬದಿಗಿಟ್ಟರಾಯಿತು. ಫೈಬರ್‌ಗ್ಲಾಸ್ ಕಣೆ ಅಗ್ಗ, ಭಾರ; ಸಣ್ಣ ಮಕ್ಕಳ ಮೆತ್ತನೆಯ ಬಿಲ್ಲಿನಾಚೆಗೆ ಅದನ್ನು ಒಯ್ಯಬಾರದು.

ಕಾರ್ಬನ್ ಹಾಗಲ್ಲ. ಅದು ತನ್ನ ನೋವನ್ನು ಮುಚ್ಚಿಡುತ್ತದೆ. ಕೂದಲಿಗಿಂತ ತೆಳುವಾದ ಎಳೆಗಳನ್ನು ಉದ್ದಕ್ಕೆ ಜೋಡಿಸಿ ಅಂಟಿನಲ್ಲಿ ಹಿಡಿದ ಕೊಳವೆ ಅದು. ಉದ್ದದ ನೂಕನ್ನು ಅದ್ಭುತವಾಗಿ ತಾಳುತ್ತದೆ, ಪಕ್ಕದ ಪೆಟ್ಟನ್ನು ತಾಳದು. ಬೇರೆ ಬಾಣ ತಗುಲಿದರೆ, ಹಲಗೆಯ ಚೌಕಟ್ಟಿಗೆ ಬಡಿದರೆ, ವಿರಾರ್ ಲೋಕಲ್‌ನ ನೂಕುನುಗ್ಗಲಲ್ಲಿ ಕೊಳವೆಚೀಲ ಒತ್ತಿಹೋದರೆ, ಎಳೆಗಳು ಒಳಗೊಳಗೇ ಬಿಡಬಹುದು. ಮೈ ನುಣ್ಣಗೇ ಇರುತ್ತದೆ. ಮುಂದಿನ ಬಾರಿ ಹೆದೆ ನೂಕಿದಾಗ ಅದು ಬಾಗಿ ಎಚ್ಚರಿಸುವುದಿಲ್ಲ, ಚೂರುಚೂರಾಗಿ ಸಿಡಿಯುತ್ತದೆ. ಅದರ ಸಿಬಿರುಗಳನ್ನು ಕೈಯಿಂದ ತೆಗೆಯುವುದು ವೈದ್ಯರಿಗೂ ಕಷ್ಟ. ಆದ್ದರಿಂದ ಪ್ರತಿದಿನ, ಮೊದಲ ಬಾಣಕ್ಕಿಂತ ಮುಂಚೆ, ಕಣ್ಣಿಗೆ ಕನ್ನಡಕ ಹಾಕಿ ಎರಡು ತುದಿ ಹಿಡಿದು, ಮೈಯಿಂದ ದೂರವಿಟ್ಟು ತುಸು ಬಾಗಿಸಬೇಕು. ಸ್ವಲ್ಪ ತಿರುಗಿಸಿ ಮತ್ತೆ ಬಾಗಿಸಬೇಕು, ಹೀಗೆ ಪೂರ್ತಿ ಒಂದು ಸುತ್ತು. ಕಿವಿ ಕೊಟ್ಟು ಕೇಳಬೇಕು. ಹಪ್ಪಳ ಮುರಿದಂಥ ಸಣ್ಣ ಸದ್ದು ಬಂದರೆ ಆ ಕಣೆಯ ಆಯುಸ್ಸು ಮುಗಿಯಿತು. ಹತ್ತಿಯ ಉಂಡೆಯಿಂದ ಒರೆಸಿದಾಗ ಎಲ್ಲಿಯಾದರೂ ಎಳೆ ಸಿಕ್ಕಿಕೊಂಡರೂ ಅಷ್ಟೇ. ಸತಾರೆಯ ಅದಿತಿ ಸ್ವಾಮಿ 2023ರಲ್ಲಿ ಬರ್ಲಿನ್‌ನಲ್ಲಿ, 17ನೆಯ ವಯಸ್ಸಿಗೆ, ಕಾಂಪೌಂಡಿನ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮ ಮೈದಾನದಲ್ಲಿ ಕಾಂಪೌಂಡ್ ಕೇಳುವ ಹುಡುಗಿಯರು ಹೆಚ್ಚಿದ್ದಾರೆ. ಅವರಿಗೆ ಮೊದಲ ತಿಂಗಳ ಪಾಠ ಗುರಿಯಿಡುವುದಲ್ಲ, ಹೀಗೆ ಕಿವಿಗೊಡುವುದು.

ಉದ್ದದ ಮಾತು ಹೇಳದೆ ಬಿಡಲಾರೆ. ಕಣೆ ಗಿಡ್ಡವಾದರೆ, ಪೂರ್ತಿ ಎಳೆದಾಗ ಮೊನೆ ತನ್ನ ಆಸರೆಯಿಂದ ಹಿಂದಕ್ಕೆ ಜಾರಿ ಕೈಯ ಹಿಂದೆ ಬೀಳುತ್ತದೆ; ಆಗ ಬಿಟ್ಟರೆ ಬಾಣ ನೆಡುವುದು ಬಿಟ್ಟವರ ಕೈಗೆ. ದೊಡ್ಡವರಿಗೆ ಎಳೆತಕ್ಕಿಂತ ಒಂದು ಇಂಚಾದರೂ, ಮಕ್ಕಳಿಗೆ ಎರಡು ಇಂಚಾದರೂ ಉದ್ದವಿರಬೇಕು. ಜೂನ್‌ನಲ್ಲಿ ಕೊಂಡ ಕಣೆ ದೀಪಾವಳಿಗೆ ಗಿಡ್ಡವಾಗುತ್ತದೆ, ಮಕ್ಕಳು ಬೆಳೆಯುವ ಪರಿ ಅದು. ಸರ್ ಪ್ರತಿ ತಿಂಗಳ ಮೊದಲ ಭಾನುವಾರ ಎಲ್ಲರ ತೋಳನ್ನೂ ಅಳೆದು ನೋಟುಪುಸ್ತಕದಲ್ಲಿ ಬರೆಯುತ್ತಾರೆ. ನಾಕ್‌ನ ಬಿಗಿಗೂ ಅವರದೊಂದು ಸರಳ ಪರೀಕ್ಷೆಯಿದೆ: ಕಣೆಯನ್ನು ಹೆದೆಗೆ ಸಿಕ್ಕಿಸಿ ನೇತಾಡಲು ಬಿಡಬೇಕು, ತಾನಾಗಿ ಬೀಳಬಾರದು, ಹೆದೆಯನ್ನು ಬೆರಳಿಂದ ಮೀಟಿದರೆ ಬೀಳಬೇಕು. ಸಡಿಲವಾದರೆ ಬಾಣ ಜಾರಿ ಹೆದೆ ಬರಿದೇ ಹೊಡೆಯುತ್ತದೆ. ಬಿಗಿಯಾದರೆ ನಾಕ್ ಸೀಳುತ್ತದೆ.

ಮುಂಬಯಿಯ ಮಳೆ ಈ ಎಲ್ಲ ಲೆಕ್ಕಗಳನ್ನು ವರ್ಷಕ್ಕೊಮ್ಮೆ ಅಲ್ಲಾಡಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಬಿದಿರು ತೇವ ಕುಡಿದು ಭಾರವಾಗುತ್ತದೆ, ಮೆತ್ತಗಾಗುತ್ತದೆ, ಕಳೆದ ವರ್ಷ ಮರೆತಿದ್ದ ಬಾಗನ್ನು ನೆನಪಿಸಿಕೊಳ್ಳುತ್ತದೆ. ಗರಿಗಳು ಕುಗ್ಗಿ ಅಂಟಿಕೊಳ್ಳುತ್ತವೆ. ಇಡ್ಲಿ ಪಾತ್ರೆಯ ಹಬೆಗೆ ಒಂದು ಕ್ಷಣ ಹಿಡಿದರೆ ಮತ್ತೆ ಅರಳುತ್ತವೆ. ಮೊನೆಗಳಿಗೆ ಉಪ್ಪುಗಾಳಿಯ ತುಕ್ಕು. ಕಾರ್ಬನ್‌ಗೆ ಮಳೆಯ ಗೊಡವೆಯಿಲ್ಲ ಎನ್ನುತ್ತಾರೆ. ಅದರ ಮೈಗೆ ಇಲ್ಲ, ಅಂಟಿಸಿದ ಭಾಗಗಳನ್ನು ನೋಡುತ್ತಿರಬೇಕು. ಹಾಗಾಗಿ ಮಳೆಗಾಲದಲ್ಲಿ ಬಿದಿರಿನ ಟ್ರಂಕಿಗೆ ಹುರಿದ ಅಕ್ಕಿಯ ಗಂಟುಗಳನ್ನು ಹಾಕಿಡುತ್ತಾರೆ. ವಾರಕ್ಕೊಮ್ಮೆ ಎಲ್ಲ ಕಣೆಗಳನ್ನೂ ಗುಂಡಿನ ಯಂತ್ರದ ಮೇಲೆ ಮತ್ತೆ ಇಡುತ್ತಾರೆ. ಬಾಗು ಹೆಚ್ಚಿದ ಕಣೆಯ ದಾರ ಬಿಚ್ಚಿ, ಅದಕ್ಕಿಂತ ಮೆತ್ತನೆಯ ಬಿಲ್ಲಿನ ಬಣ್ಣದ ದಾರ ಸುತ್ತುತ್ತಾರೆ.

ಹೋದ ಭಾನುವಾರ ಜಡಿಮಳೆ, ಮೈದಾನ ಕೆರೆಯಾಗಿತ್ತು. ಮಗಳು ಪಡಸಾಲೆಯಲ್ಲಿ ಕೂತು ತನ್ನ ಎಂಟು ಕಾರ್ಬನ್ ಕಣೆಗಳನ್ನು ಒಂದೊಂದಾಗಿ ಬಾಗಿಸಿ ಕೇಳುತ್ತಿದ್ದಳು. ಆರನೆಯದರಲ್ಲಿ ಸದ್ದು ಬಂತು. ಅವಳಿಗದು ಅಚ್ಚುಮೆಚ್ಚಿನದು. ಇನ್ನೊಮ್ಮೆ ಬಾಗಿಸಿದಳು, ಮತ್ತೆ ಬಂತು. ಏನೂ ಹೇಳದೆ ಸರ್ ಕೈಗೆ ಕೊಟ್ಟಳು. ಅವರು ಮೂಗಿಗೆ ಬಟ್ಟೆ ಕಟ್ಟಿ, ಸಣ್ಣ ಗರಗಸದಿಂದ ನಾಕ್ ಇರುವ ತುದಿಯನ್ನು ಕೊಯ್ದು ತೆಗೆದರು, ಮರೆತೂ ಯಾರೂ ಅದನ್ನು ಹೆದೆಗೆ ಏರಿಸದಿರಲೆಂದು. ಕೊಯ್ದ ಬಾಯಿಗೆ ಟೇಪು ಸುತ್ತಿ, ಅವಳ ನೀಲಿ ದಾರವನ್ನು ಬಿಚ್ಚಿ ಅವಳ ಅಂಗೈಯಲ್ಲಿಟ್ಟರು.

“ಮುಂದಿನದಕ್ಕ ಸುತ್ತಾಕ ಇಟ್ಕೋ” ಎಂದರು.